ಟೀಮಲ್ಲಿ ಇರೋದೇ ಆರು ಜಾಗ, ಯಾರನ್ನ ಇಟ್ಕೊಳ್ಳೋದು?

ಈ ಸಲ ಬಂದಿರೋ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯ ಕೇಳಿವೆ, ಪೋಕೆಮಾನ್ ಆಟದಲ್ಲಿ ಇಂಥದ್ದನ್ನ ಟೀಮಿಗೆ ಹಾಕ್ಕೊಂಡ್ರೆ ಉಪಯೋಗ ಐತಾ ಇಲ್ವಾ ಅಂತ. ಅದಕ್ಕೇ ಬೇರೆ ಆಟಗಳ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಟು ಇದಕ್ಕೇ ಪೂರ್ತಿ ಜಾಗ ಕೊಟ್ಟಿದೀನಿ. ಒಂದು ವಿಷ್ಯ ಮೊದಲೇ ಹೇಳ್ಬಿಡ್ತೀನಿ, ಇಲ್ಲಿನ ಉತ್ತರ ಎಲ್ಲಾ ಕಥೆ ಆಡೋರಿಗೆ, ಅಂದ್ರೆ ಎಂಟು ಜಿಮ್ (ಒಬ್ಬೊಬ್ಬ ಲೀಡರ್‌ನ ಸೋಲಿಸಬೇಕಾದ ಜಾಗ) ದಾಟಿ ಎಲೈಟ್ ಫೋರ್ (ಕೊನೇಲಿ ಬರೋ ನಾಲ್ವರು ಗಟ್ಟಿ ಎದುರಾಳಿಗಳು) ಸೋಲಿಸಿ ಚಾಂಪಿಯನ್ ಆಗೋಕೆ ಹೊರಟೋರಿಗೆ. ಫ್ರೆಂಡ್ಸ್ ಜೊತೆ ಕುಸ್ತಿಗೆ ಇಳಿಯೋರ ಲೆಕ್ಕ ಬೇರೆ.

ಅಣ್ಣಾ, ನಾನೂ ನನ್ನ ರೂಮ್‌ಮೇಟೂ ಇಬ್ರೂ ಪೋಕೆಮಾನ್ ಫೈರ್‌ರೆಡ್ ಆಡ್ತೀವಿ. ನಾನು ಡ್ರಟಿನಿ ಸಾಕ್ತಿದೀನಿ, ಡ್ರಾಗೊನೈಟ್ ಆದ್ರೆ ಒಟ್ಟು ಸ್ಟ್ಯಾಟ್ಸ್ 600 ಐತಿ. ಅವನು ಡಗ್‌ಟ್ರಿಯೋ ಇಟ್ಕಂಡಾನೆ, ಅದು ಬರೀ 405. ಆದ್ರೂ ನಂದೇ ಉಪಯೋಗದ್ದು ಅಂತ ಜಗಳಕ್ಕೆ ಬರ್ತಾನೆ. ಹಾಸ್ಟೆಲ್‌ನಾಗೆ ಎರಡು ಪಾರ್ಟಿ ಆಗೇತಿ, ನೀವೇ ತೀರ್ಮಾನ ಹೇಳ್ರಿ.
*ಇಂಜಿನಿಯರಿಂಗ್ ವಿದ್ಯಾರ್ಥಿ, ವಿದ್ಯಾನಗರ, ದಾವಣಗೆರೆ*

ತಮ್ಮಾ, ನಿನ್ನ ರೂಮ್‌ಮೇಟ್ ಹೇಳಿದ್ದೇ ಸರಿ. ಬೇಜಾರಾಗಬೇಡ, ಯಾಕೆ ಅಂತ ಹೇಳ್ತೀನಿ, ಯಾಕಂದ್ರೆ ಇವತ್ತಿನ ಬಹಳ ಪ್ರಶ್ನೆಗಳಿಗೆ ಉತ್ತರ ಇದರಲ್ಲೇ ಐತೆ.

ಒಟ್ಟು ಸ್ಟ್ಯಾಟ್ಸ್ ಅನ್ನೋದು ಎಚ್‌ಪಿ (ಜೀವದ ಅಂಕಿ), ಅಟ್ಯಾಕ್, ಸ್ಪೀಡ್ ಥರದ ಗುಣಗಳನ್ನ ಕೂಡಿಸಿದ ಅಂಕಿ, ನೀನು ಹೇಳಿದ 600 ಡ್ರಾಗೊನೈಟ್ ಆಗಿ ಪೂರ್ತಿ ಬೆಳೆದು ನಿಂತ ಮೇಲಿನ ಅಳತೆ. ಆದ್ರೆ ಕಥೆ ಆಡುವಾಗ ನೀನು ಬೆಳೆದು ನಿಂತಿರೋದನ್ನ ಆಡ್ಸೋದಿಲ್ಲ, ಬೆಳೀತಾ ಇರೋದನ್ನ ಆಡಿಸ್ತೀಯ. ಹಂಗಾಗಿ ಕೇಳ್ಬೇಕಾದ ಪ್ರಶ್ನೆ ಬೇರೆ. ಅದು ಯಾವಾಗ ಕೈಗೆ ಸಿಗುತ್ತೆ, ಸಿಕ್ಕ ಮೇಲೆ ಕೊನೇ ಫೈಟ್‌ತನಕ ಎಷ್ಟು ದೊಡ್ಡ ಫೈಟ್ ಗೆದ್ದು ಕೊಡುತ್ತೆ, ಅದಕ್ಕೆ ನೀನು ಏನೇನು ಸುರೀಬೇಕು. ಸುರಿಯೋದು ಅಂದ್ರೆ ಆಟದ ದುಡ್ಡು ಒಂದೇ ಅಲ್ಲ, ಲೆವೆಲ್ ಏರಿಸೋಕೆ ಹುಲ್ಲಲ್ಲಿ ಸುತ್ತಿದ ಹೊತ್ತು, ಆಟದಲ್ಲಿ ಒಂದೇ ಒಂದು ಸಿಗೋ ಟಿಎಂ (ಪೋಕೆಮಾನ್‌ಗೆ ಹೊಸ ಮೂವ್ ಕಲಿಸೋ ಸಾಮಾನು), ಬೇರೆಯವರಿಗೆ ಸಿಗಬೇಕಿದ್ದ ಎಕ್ಸ್‌ಪೀರಿಯೆನ್ಸ್, ಇದೆಲ್ಲಾ ಸೇರುತ್ತೆ.

ಈಗ ಡಗ್‌ಟ್ರಿಯೋ ತಗೋ. ವರ್ಮಿಲಿಯನ್ ಊರಿನ ಪಕ್ಕ ರೂಟ್ 11ರಲ್ಲಿ ಡಿಗ್ಲೆಟ್ ಗುಹೆ ಐತಲ್ಲ, ಅಲ್ಲಿ ಡಿಗ್ಲೆಟ್ ಧಂಡಿಯಾಗಿ ಸಿಗುತ್ತೆ, ಅಪರೂಪಕ್ಕೆ 29ರಿಂದ 31ನೇ ಲೆವೆಲ್‌ನ ಡಗ್‌ಟ್ರಿಯೋನೇ ಎದುರು ಬರುತ್ತೆ. ಆ ಹೊತ್ತಿಗೆ ಮೂರನೇ ಜಿಮ್‌ನ ಲೆಫ್ಟಿನೆಂಟ್ ಸರ್ಜ್ ಹತ್ರ ಇರೋ ದೊಡ್ಡದು ಅಂದ್ರೆ 24ನೇ ಲೆವೆಲ್ ರೈಚು. ಗ್ರೌಂಡ್ ಟೈಪ್‌ಗೆ ಎಲೆಕ್ಟ್ರಿಕ್ ಮೂವ್ ತಾಗೋದೇ ಇಲ್ಲ. ಅಂದ್ರೆ ಹಿಡಿದ ಮೇಲೆ ಸಾಕೋ ಕೆಲಸನೇ ಇಲ್ಲ, ಬಾಲ್ ಒಳಗಿಂದ ಬಂದು ನೇರ ಜಿಮ್ ಗೆದ್ದು ಕೊಡುತ್ತೆ. ಡಿಗ್ ಅನ್ನೋ ಗ್ರೌಂಡ್ ಮೂವ್ ಇದಕ್ಕೆ ಇನ್ನೂ ಬಂದಿಲ್ಲ ಅಂದ್ರೆ ಸೆರೂಲಿಯನ್‌ನಲ್ಲಿ ರಾಕೆಟ್ ಕಳ್ಳನ ಹತ್ರ ಸಿಕ್ಕಿರೋ ಡಿಗ್ ಟಿಎಂ ಹಾಕು. ಸ್ಪೀಡ್ 120, ಮುಕ್ಕಾಲುವಾಸಿ ಎದುರಾಳಿಗಿಂತ ಮೊದಲು ಇದೇ ಹೊಡೆಯುತ್ತೆ. ಮುಂದೆ ಬ್ಲೇನ್‌ನ ಫೈರ್ ಜಿಮ್, ಕೊನೇ ಜಿಮ್‌ನ ಜಿಯೋವಾನಿ, ಅಲ್ಲೂ ಕೆಲಸ ಐತೆ.

ಎಲ್ಲಾ ಕಡೆ ನಡೆಯುತ್ತೆ ಅಂತ ಹೇಳಲ್ಲ. ನಾಲ್ಕನೇ ಜಿಮ್‌ನ ಎರಿಕಾ ಹತ್ರ ಗ್ರಾಸ್ ಪೋಕೆಮಾನ್, ಅಲ್ಲಿ ಬಿಟ್ರೆ ಒಂದೇ ಏಟಿಗೆ ಮಲಗುತ್ತೆ. ಕೋಗಾ ಪಾಯ್ಸನ್ ಜಿಮ್ ಅಂತ ಆಸೆಪಟ್ಟು ಹೋದ್ರೆ ಕಾಫಿಂಗ್, ವೀಜಿಂಗ್ ಎರಡಕ್ಕೂ ಲೆವಿಟೇಟ್ ಅನ್ನೋ ತೇಲೋ ಗುಣ ಐತೆ, ಗ್ರೌಂಡ್ ಮೂವ್ ತಾಗಲ್ಲ. ಡಿಫೆನ್ಸ್ 50, ಎಚ್‌ಪಿ 35, ತೆಳ್ಳಗೈತೆ ಪಾಪ. ಎಲೈಟ್ ಫೋರ್‌ನ ಲಾನ್ಸ್ ಎದುರಿಗೆ ಇದರಿಂದ ಹೆಚ್ಚೇನೂ ಆಗಲ್ಲ. ಆದ್ರೂ ಖರ್ಚು ಇಲ್ಲದೆ ಎರಡು ಮೂರು ದೊಡ್ಡ ಫೈಟ್ ಗೆದ್ದು ಕೊಟ್ಟಿತು, ಅದು ಬಹಳ ದೊಡ್ಡ ಮಾತು.

ನಿನ್ನ ಡ್ರಟಿನಿ ನೋಡು. ಸೆಲಡಾನ್ ಗೇಮ್ ಕಾರ್ನರ್‌ನಲ್ಲಿ ಕಾಯಿನ್ ಕೂಡಿಟ್ಟು ತಗೋಬೇಕು ಇಲ್ಲಾ ಸಫಾರಿ ಜೋನ್‌ನಲ್ಲಿ ಗಾಳ ಹಾಕಿ ಹಿಡೀಬೇಕು. 30ಕ್ಕೆ ಡ್ರಾಗೊನೇರ್ ಆಗುತ್ತೆ, 55ಕ್ಕೆ ಡ್ರಾಗೊನೈಟ್. ಮೇಲಾಗಿ ಇದು ಲೆವೆಲ್ ನಿಧಾನ ಏರೋ ಗುಂಪಿನದ್ದು, 55ನೇ ಲೆವೆಲ್ ಮುಟ್ಟೋಕೆ ಸುಮಾರು 2 ಲಕ್ಷ 8 ಸಾವಿರ ಎಕ್ಸ್‌ಪೀರಿಯೆನ್ಸ್ ಬೇಕು, ಅದೇ ಲೆವೆಲ್‌ಗೆ ಡಗ್‌ಟ್ರಿಯೋಗೆ 1 ಲಕ್ಷ 66 ಸಾವಿರ ಸಾಕು. ಇನ್ನು ಫೈರ್‌ರೆಡ್‌ನಲ್ಲಿ ಚಾಂಪಿಯನ್ ಹತ್ರ ಇರೋ ಅತಿ ದೊಡ್ಡ ಪೋಕೆಮಾನೇ 63ನೇ ಲೆವೆಲ್. ಬಹಳ ಜನ 50ರ ಆಸುಪಾಸಿನ ಟೀಮ್ ಇಟ್ಕೊಂಡು ಎಲೈಟ್ ಫೋರ್‌ಗೆ ಹೋಗ್ತಾರೆ. ಅಂದ್ರೆ ನಿನ್ನ ಡ್ರಾಗೊನೈಟ್ ಪಂದ್ಯ ಮುಗಿಯೋ ಹೊತ್ತಿಗೆ ಪ್ಯಾಡ್ ಕಟ್ಕೊಂಡು ಬರೋ ಬ್ಯಾಟ್ಸ್‌ಮನ್, ಅಲ್ಲೀತನಕ ರನ್ ಹೊಡೆದೋರು ಬೇರೆಯವರು.

ನಾನು ಯಾವ ಪೋಕೆಮಾನ್ ತೂಗಿ ನೋಡೋದಕ್ಕೂ ಇಟ್ಕೊಂಡಿರೋ ಒಂದು ಪರೀಕ್ಷೆ ಐತೆ. ಅದನ್ನ ಟೀಮಿಂದ ತೆಗೆದು ಆ ಜಾಗಕ್ಕೆ ದಾರೀಲಿ ಸಲೀಸಾಗಿ ಸಿಗೋ ಇನ್ನೊಂದನ್ನ ಹಾಕಿದ್ರೆ ಯಾವ ಫೈಟ್ ಕಷ್ಟ ಆಗುತ್ತೆ? ಡಗ್‌ಟ್ರಿಯೋ ತೆಗೆದ್ರೆ ಸರ್ಜ್ ಕಷ್ಟ ಆಗ್ತಾನೆ, ಇದು ಕಣ್ಣಿಗೆ ಕಾಣೋ ನಷ್ಟ. ಡ್ರಾಗೊನೈಟ್ ತೆಗೆದು ಸಿಲ್ಫ್ ಕಂಪನಿಯಲ್ಲಿ ಪುಕ್ಕಟೆ ಕೊಡೋ ಲ್ಯಾಪ್ರಸ್ ಹಾಕು, ಅದೂ ಲೆವೆಲ್ ನಿಧಾನ ಏರೋದೇ, ಆದ್ರೆ ಬಂದ ದಿನವೇ ಪೂರ್ತಿ ಬೆಳೆದಿರುತ್ತೆ, ಸರ್ಫ್ ಮಾಡುತ್ತೆ, 31ನೇ ಲೆವೆಲ್‌ಗೆ ಐಸ್ ಬೀಮ್ ತಾನಾಗೇ ಕಲಿಯುತ್ತೆ, ಆ ಐಸ್ ಬೀಮ್ ಲಾನ್ಸ್‌ನ ಡ್ರಾಗೊನೈಟ್‌ಗೆ 4 ಪಟ್ಟು ತಾಗುತ್ತೆ. ಅಂದ್ರೆ ನಿನ್ನ ಡ್ರಾಗೊನೈಟ್ ಇಲ್ದಿದ್ರೂ ಏನೂ ಕೊರತೆ ಬೀಳಲಿಲ್ಲ.

ಚಾಂಪಿಯನ್ ಆದ ಮೇಲೆ ಸೆವೀ ದ್ವೀಪಗಳನ್ನೆಲ್ಲಾ ಸುತ್ತೋ ಆಸೆ ಇದ್ರೆ, ಕೇಬಲ್ ಹಾಕ್ಕೊಂಡು ಹಾಸ್ಟೆಲ್ ಹುಡುಗರ ಜೊತೆ ಆಡೋದಿದ್ರೆ, ಆಗ ಡ್ರಾಗೊನೈಟ್‌ನ ಸಾಕಿ ಬೆಳೆಸು, ಪಟ್ಟ ಶ್ರಮ ವಾಪಸ್ ಬರುತ್ತೆ. ಆ ವಾದ ಮಾಡಿದ್ರೆ ನೀನು ಗೆಲ್ತೀಯ. ಈಗ ಮಾಡ್ತಿರೋ ವಾದದಲ್ಲಿ ಅಲ್ಲ.

ಫೈರ್‌ರೆಡ್‌ನಲ್ಲಿ ಮ್ಯಾಜಿಕಾರ್ಪ್ ತಗೊಂಡು ಕಷ್ಟಪಟ್ಟು ಗ್ಯಾರಡೋಸ್ ಮಾಡಿದೆ. ಅಟ್ಯಾಕ್ 125 ಅಂತ ಬರೆದೈತೆ, ಆದ್ರೆ ಸರ್ಫ್ ಹೊಡೆದ್ರೆ ಅಂಥ ಡ್ಯಾಮೇಜ್ ಆಗ್ತಿಲ್ಲ. ಎಲ್ಲಾರೂ ಗ್ಯಾರಡೋಸ್ ಭಾರಿ ಅಂತಾರೆ, ನನ್ನದೇ ಏನಾದ್ರೂ ಕೆಟ್ಟೈತಾ?
*ಡಿಗ್ರಿ ಓದ್ತಿರೋ ಹುಡುಗ, ಹಿರಿಯೂರು*

ನಿಂದೇನೂ ಕೆಟ್ಟಿಲ್ಲ, ಆಟದ ನಿಯಮನೇ ಹಂಗೈತೆ. ಈಗಿನ ಆಟಗಳಲ್ಲಿ ಒಂದೊಂದು ಮೂವ್‌ಗೂ ಇದು ಅಟ್ಯಾಕ್ ಲೆಕ್ಕದ್ದು, ಇದು ಸ್ಪೆಷಲ್ ಅಟ್ಯಾಕ್ ಲೆಕ್ಕದ್ದು ಅಂತ ಬೇರೆ ಬೇರೆ ಗುರುತು ಇರುತ್ತೆ. ಅದು ಬಂದಿದ್ದು 2006ರಲ್ಲಿ, ಡೈಮಂಡ್ ಮತ್ತು ಪರ್ಲ್ ಆಟದಿಂದ. ಫೈರ್‌ರೆಡ್ 2004ರದ್ದು. ಅದರಲ್ಲಿ ಟೈಪ್ ನೋಡಿ ತೀರ್ಮಾನ, ವಾಟರ್ ಮೂವ್ ಅಂದ್ರೆ ಎಲ್ಲವೂ ಸ್ಪೆಷಲ್ ಅಟ್ಯಾಕ್ ಮೇಲೇ ನಡೆಯುತ್ತೆ. ಗ್ಯಾರಡೋಸ್‌ದು ಸ್ಪೆಷಲ್ ಅಟ್ಯಾಕ್ ಬರೀ 60. 20ನೇ ಲೆವೆಲ್‌ಗೆ ಕಲಿಯೋ ಬೈಟ್ ಡಾರ್ಕ್ ಟೈಪ್, ಅದೂ ಅವತ್ತಿಗೆ ಸ್ಪೆಷಲ್‌ಗೇ ಸೇರುತ್ತೆ. ಆ 125 ಅಟ್ಯಾಕ್ ಸ್ಟ್ರೆಂಥ್ ಥರದ ನಾರ್ಮಲ್ ಮೂವ್‌ಗೆ ಬಿಟ್ರೆ ಹೆಚ್ಚು ಬಳಕೆಗೆ ಬರಲ್ಲ. ಎಲ್ಲಾರೂ ಭಾರಿ ಅಂತಾರಲ್ಲ, ಅವರು ಮುಂದಿನ ಆಟಗಳ ಗ್ಯಾರಡೋಸ್ ನೋಡಿ ಹೇಳ್ತಿರೋದು.

ಇನ್ನು ಖರ್ಚಿನ ಕಡೆ ಬಾ. ಮೌಂಟ್ ಮೂನ್ ಹತ್ರ ಪೋಕೆಮಾನ್ ಸೆಂಟರ್‌ನಲ್ಲಿ 500ಕ್ಕೆ ಮಾರ್ತಾರೆ, ದುಡ್ಡಿನ ತೊಂದರೆ ಇಲ್ಲ. ತೊಂದರೆ ಇರೋದು 5ರಿಂದ 20ರವರೆಗೆ ಅದನ್ನ ಹೊತ್ಕೊಂಡು ಹೋಗೋದು. ಮೊದಲಿಗೆ ಬರೀ ಸ್ಪ್ಲ್ಯಾಶ್, ಅದರಿಂದ ಒಂದು ಕೂದಲೂ ಅಲ್ಲಾಡಲ್ಲ, 15ಕ್ಕೆ ಟ್ಯಾಕಲ್. ಪ್ರತೀ ಫೈಟಲ್ಲೂ ಅದನ್ನ ಮುಂದೆ ಬಿಟ್ಟು ತಕ್ಷಣ ಬದಲಾಯಿಸಿ ಇನ್ನೊಬ್ಬರ ಕೈಲಿ ಗೆಲ್ಲಿಸ್ಬೇಕು, ಎಕ್ಸ್‌ಪೀರಿಯೆನ್ಸ್ ಅರ್ಧರ್ಧ ಹಂಚಿಕೆ ಆಗುತ್ತೆ, ಅಂದ್ರೆ ನಿನ್ನ ಮುಖ್ಯ ಪೋಕೆಮಾನೂ ಆ ಹೊತ್ತಲ್ಲಿ ಹಿಂದೆ ಬೀಳುತ್ತೆ. ಇಷ್ಟು ಮಾಡಿ ಗ್ಯಾರಡೋಸ್ ಆದ ಕೂಡ್ಲೇ ಎದುರಿಗೆ ಬರೋನು ಲೆಫ್ಟಿನೆಂಟ್ ಸರ್ಜ್, ಎಲೆಕ್ಟ್ರಿಕ್ ಇದಕ್ಕೆ 4 ಪಟ್ಟು.

ನೀರಿನದ್ದು ಒಂದು ಬೇಕೇ ಬೇಕು ಅಂದ್ರೆ ಫೈರ್‌ರೆಡ್‌ನಲ್ಲಿ ಇದಕ್ಕಿಂತ ಒಳ್ಳೇ ದಾರಿ ಐತೆ. ಸೆಲಡಾನ್ ಮ್ಯಾನ್ಶನ್‌ನಲ್ಲಿ 25ನೇ ಲೆವೆಲ್ ಈವೀ ಬಿಟ್ಟಿ ಸಿಗುತ್ತೆ, ಅದೇ ಊರಿನ ಡಿಪಾರ್ಟ್‌ಮೆಂಟ್ ಸ್ಟೋರ್‌ನಲ್ಲಿ ವಾಟರ್ ಸ್ಟೋನ್ ಮಾರ್ತಾರೆ, ಕೊಟ್ಟ ಕ್ಷಣಕ್ಕೆ ವೇಪೋರಿಯನ್. ಸ್ಪೆಷಲ್ ಅಟ್ಯಾಕ್ 110, ಎಚ್‌ಪಿ 130. ಎರಡನೇ ಜಿಮ್‌ನ ಮಿಸ್ಟಿ ಕೊಟ್ಟ ವಾಟರ್ ಪಲ್ಸ್ ಟಿಎಂ ಇನ್ನೂ ಉಳಿದಿದ್ರೆ ಇದಕ್ಕೆ ಹಾಕು, ಮುಂದೆ ಸಫಾರಿ ಜೋನ್‌ನಲ್ಲಿ ಸರ್ಫ್ ಸಿಗೋತನಕ ಅದು ಸಾಕು. ಅದೇ ಸರ್ಫ್ ವೇಪೋರಿಯನ್ ಹೊಡೆದ್ರೆ ನಿನ್ನ ಗ್ಯಾರಡೋಸ್‌ಗಿಂತ ಒಂದೂವರೆ ಪಟ್ಟಿಗೂ ಜಾಸ್ತಿ ಬೀಳುತ್ತೆ. ಆದ್ರೆ ನೀನು ಈಗಾಗ್ಲೇ ಗ್ಯಾರಡೋಸ್ ಮಾಡಿಬಿಟ್ಟಿದೀಯ, ಕಷ್ಟದ ಭಾಗ ದಾಟೈತೆ, ಹಂಗಾಗಿ ಎಸೀಬೇಡ. ಇಂಟಿಮಿಡೇಟ್ ಇರೋದ್ರಿಂದ ಒಳಗೆ ಬಂದ ಕೂಡ್ಲೇ ಎದುರಾಳಿ ಅಟ್ಯಾಕ್ ಇಳಿಸುತ್ತೆ, ಏಟು ತಿನ್ನೋಕೆ ಗಟ್ಟಿ ಐತೆ. ಹೊಸದಾಗಿ ಶುರು ಮಾಡೋರಿಗೆ ಮಾತ್ರ ನಾನು ಇದನ್ನ ಹೇಳಲ್ಲ.

ಮೊಬೈಲಲ್ಲಿ ಒಬ್ಬನೇ ಆಡೋದು ಸಾರ್, ಟ್ರೇಡ್ ಮಾಡೋಕೆ ಯಾರೂ ಇಲ್ಲ. ಟ್ರೇಡ್ ಮಾಡದೆ ಕಡಾಬ್ರಾ ಅಲಕಜಾಮ್ ಆಗೋದೇ ಇಲ್ಲ ಅಂದಮೇಲೆ ಇಟ್ಕೊಂಡು ಏನು ಪ್ರಯೋಜನ?
*ಫ್ಯಾಕ್ಟರಿ ಕೆಲಸಗಾರ, ಹರಿಹರ*

ಇಟ್ಕೊಳ್ಳಿ, ಕಣ್ಣು ಮುಚ್ಚಿ ಇಟ್ಕೊಳ್ಳಿ. ಸ್ಪೆಷಲ್ ಅಟ್ಯಾಕ್ ಕಡಾಬ್ರಾಗೆ 120, ಅಲಕಜಾಮ್‌ಗೆ 135. ಸ್ಪೀಡ್ 105 ಮತ್ತು 120. ಈ ವ್ಯತ್ಯಾಸದಿಂದ ಕಥೆಯ ಯಾವ ಫೈಟೂ ಕೈತಪ್ಪಲ್ಲ. ಸೆರೂಲಿಯನ್ ಮೇಲಿನ ರೂಟ್ 24, 25ರಲ್ಲೇ ಆಬ್ರಾ ಸಿಗುತ್ತೆ, ಅದು ಟೆಲಿಪೋರ್ಟ್ ಬಿಟ್ಟು ಬೇರೇನೂ ಗೊತ್ತಿಲ್ಲದೆ ಓಡಿಹೋಗುತ್ತೆ, ಆದ್ರೆ ಹಿಡಿಯೋಕೆ ಸುಲಭದ ಜಾತಿ, ಹೊಡೆಯೋಕೆ ಹೋಗದೆ ಮೊದಲ ಟರ್ನ್‌ಗೇ ಬಾಲ್ ಎಸೀರಿ. 16ಕ್ಕೆ ಕಡಾಬ್ರಾ, ಮ್ಯಾಜಿಕಾರ್ಪ್ ಥರ ಉದ್ದ ವನವಾಸ ಇಲ್ಲ. ಕೋಗಾ, ಎಲೈಟ್ ಫೋರ್‌ನ ಬ್ರೂನೋ ಮತ್ತು ಅಗಾಥಾ, ಮೂರೂ ಕಡೆ ಸೈಕಿಕ್ ಮೂವ್ ಕೆಲಸ ಮಾಡುತ್ತೆ. ಡಿಫೆನ್ಸ್ 30 ಅಷ್ಟೇ ಇರೋದು, ಅದಕ್ಕೆ ಮೊದಲ ಏಟಿಗೇ ಮುಗಿಸೋ ಕಡೆ ಮಾತ್ರ ಬಿಡಿ, ಏಟು ತಿಂದು ನಿಲ್ಲುತ್ತೆ ಅಂತ ನಂಬ್ಕೋಬೇಡಿ.

ಪೋಕೆಮಾನ್ ಎಮರಾಲ್ಡ್ ಆಡ್ತಿದೀನಿ. ಸ್ಲೇಕಿಂಗ್ ಸ್ಟ್ಯಾಟ್ಸ್ 670 ಐತೆ ಅಂತ ಓದಿ ಸ್ಲೇಕೋತ್ ಸಾಕಿದೆ. ಈಗ 36 ಆಗಿ ಸ್ಲೇಕಿಂಗ್ ಆಗೈತೆ, ಆದ್ರೆ ಮೊದಲಿಗಿಂತ ಜಾಸ್ತಿ ಸೋಲ್ತಿದೀನಿ. ಇದು ಹೆಂಗೆ ಸಾಧ್ಯ?
*ಕೋಟೆ ರಸ್ತೆ, ಚಿತ್ರದುರ್ಗದ ಓದುಗ*

ನಿಮ್ಮ ಪತ್ರ ಬಂದಿದ್ದು ಬಹಳ ಖುಷಿ ಆಯ್ತು, ಯಾಕಂದ್ರೆ ಅಂಕಿ ಒಂದನ್ನೇ ನಂಬಿದ್ರೆ ಏನಾಗುತ್ತೆ ಅನ್ನೋದಕ್ಕೆ ಇಡೀ ಆಟದಲ್ಲಿ ಇದಕ್ಕಿಂತ ಒಳ್ಳೇ ಉದಾಹರಣೆ ಇಲ್ಲ. 670 ಅಂದ್ರೆ ಅದೇ ಆಟದ ಗ್ರೌಡಾನ್, ಕಯೋಗರ್ ಎಷ್ಟೋ ಅಷ್ಟೇ, ಕಥೆಯ ನಡುವೆ ಭೂಮಿ ಸಮುದ್ರ ಅಲ್ಲಾಡ್ಸೋ ಎರಡು ಪೋಕೆಮಾನ್‌ಗೆ ಸಮ. ಆದ್ರೆ ಸ್ಲೇಕಿಂಗ್‌ಗೆ ಟ್ರೂಅಂಟ್ ಅನ್ನೋ ಗುಣ ಅಂಟಿಸಿದಾರೆ, ಒಂದು ಟರ್ನ್ ಹೊಡೆದ್ರೆ ಮುಂದಿನ ಟರ್ನ್ ಸುಮ್ನೆ ಬಿದ್ಕೊಂಡಿರುತ್ತೆ.

ಈಗ ಲೆಕ್ಕ ಹಾಕಿ. ಸ್ಲೇಕಿಂಗ್ ಅಟ್ಯಾಕ್ 160. ಎರಡು ಟರ್ನ್‌ಗೆ ಒಂದು ಸಲ ಹೊಡೆಯೋದ್ರಿಂದ ಟರ್ನ್‌ಗೆ 80 ಅಂತ ಇಟ್ಕೊಳ್ಳಿ. 18ರಿಂದ 36ರವರೆಗೆ ನಿಮ್ಮ ಹತ್ರ ಇದ್ದ ವಿಗೊರೋತ್ ಅಟ್ಯಾಕ್ ಎಷ್ಟು ಗೊತ್ತಾ, 80. ಅದಕ್ಕೆ ಟ್ರೂಅಂಟ್ ಇಲ್ಲ, ಪ್ರತೀ ಟರ್ನ್ ಹೊಡೆಯುತ್ತೆ, ಅಷ್ಟೇ ಅಲ್ಲ ವೈಟಲ್ ಸ್ಪಿರಿಟ್ ಇರೋದ್ರಿಂದ ಅದನ್ನ ನಿದ್ದೆಗೂ ಕೆಡವೋಕಾಗಲ್ಲ. ಉದ್ದ ಫೈಟಲ್ಲಿ ಎರಡೂ ಕೊಡೋ ಡ್ಯಾಮೇಜ್ ಹತ್ರ ಹತ್ರ ಒಂದೇ. ಸ್ಲೇಕಿಂಗ್ ಒಂದೇ ಏಟಿಗೆ ಒಂದನ್ನ ಮಲಗಿಸ್ತು ಅಂತಿಟ್ಕೊಳ್ಳಿ, ಎದುರಾಳಿ ಹೊಸದನ್ನ ಬಿಡ್ತಾನೆ, ಆ ಹೊಸದು ಬಂದ ಟರ್ನ್‌ಗೇ ಇದು ಮಲಗಿರುತ್ತೆ, ಅದು ಪುಕ್ಕಟೆ ಏಟು ಹಾಕುತ್ತೆ. ಮೂರು ನಾಲ್ಕು ಪೋಕೆಮಾನ್ ಇರೋ ಟ್ರೇನರ್ ಹತ್ರ ಹಿಂಗೇ ಆಗ್ತಾ ಹೋದ್ರೆ ಎಚ್‌ಪಿ 150 ಇದ್ರೂ ಕರಗೇ ಕರಗುತ್ತೆ. ನೀವು ಸೋಲ್ತಿರೋದು ಇದಕ್ಕೇ.

ಐದನೇ ಜಿಮ್‌ನ ನಾರ್ಮನ್ ನೆನಪಿಸ್ಕೊಳ್ಳಿ. ಅವನ ಹತ್ರ 31ನೇ ಲೆವೆಲ್ ಸ್ಲೇಕಿಂಗ್ ಇರುತ್ತೆ, ಅದು ಹೊಡೆಯೋ ಟರ್ನಲ್ಲಿ ತಡ್ಕೊಂಡು ಮಲಗೋ ಟರ್ನಲ್ಲಿ ನಾವು ಹೊಡೀತೀವಿ, ಹಂಗೇ ಅಲ್ವಾ ಅವನನ್ನ ಗೆದ್ದಿದ್ದು. ಅದೇ ದಡ್ಡತನದ ಟೈಮಿಂಗ್ ಈಗ ನಿಮ್ಮ ಕಡೆ ಬಂದೈತೆ.

ಹಂಗಂತ ಕೆಲಸಕ್ಕೆ ಬಾರದ್ದು ಅನ್ನಲ್ಲ. ಒಂದೇ ಒಂದು ದೊಡ್ಡ ಏಟು ಬೇಕಾದ ಕಡೆ, ಫೈಟ್ ಕೊನೇಲಿ ಉಳಿದಿರೋ ಒಬ್ಬ ದೊಡ್ಡವನನ್ನ ಮುಗಿಸೋಕೆ, ಅದಕ್ಕೆ ಸಮ ಯಾವುದೂ ಇಲ್ಲ. ಹೊಡೆದ ಮೇಲೆ ಮಲಗೋ ಟರ್ನಲ್ಲಿ ವಾಪಸ್ ಕರ್ಕೊಂಡು ಬೇರೆಯವರನ್ನ ಬಿಡಬಹುದು, ಆದ್ರೆ ಬಂದೋರು ಆ ಏಟು ತಿನ್ನಬೇಕು, ಅದಕ್ಕೆ ತಾಳೋ ಗಟ್ಟಿ ಜೊತೆಗಾರ ಬೇಕು, ಸ್ವಾಂಪರ್ಟ್ ಇದ್ರೆ ಆಗುತ್ತೆ. ಮುಂದಿನ ಸಲ ಎಮರಾಲ್ಡ್ ಆಡಿದ್ರೆ 36ಕ್ಕೆ ಬಿ ಬಟನ್ ಒತ್ತಿ ಎವಾಲ್ವ್ ಆಗೋದನ್ನ ನಿಲ್ಸಿ ವಿಗೊರೋತ್‌ನಲ್ಲೇ ಇನ್ನೂ ಸ್ವಲ್ಪ ದೂರ ಹೋಗಿ ನೋಡಿ. ಒಟ್ಟು ಸ್ಟ್ಯಾಟ್ಸ್ 440 ಇರೋದು 670ರದ್ದಕ್ಕಿಂತ ದಿನನಿತ್ಯದ ಫೈಟಲ್ಲಿ ಜಾಸ್ತಿ ಉಪಯೋಗಕ್ಕೆ ಬರುತ್ತೆ, ನೀವೇ ನೋಡ್ತೀರ.

ಬೆಳಿಗ್ಗೆ ಕುಂದುವಾಡ ಕೆರೆ ಸುತ್ತ ವಾಕ್ ಮಾಡ್ತಾ ಪೋಕೆಮಾನ್ ಗೋ ಆಡ್ತೀನಿ. ಅಲ್ಲೂ ಸಿಪಿ (ಶಕ್ತಿಯ ಅಂಕಿ) ದೊಡ್ಡದಿರೋದನ್ನೇ ಇಟ್ಕೊಂಡು ಉಳಿದಿದ್ದು ಟ್ರಾನ್ಸ್‌ಫರ್ ಮಾಡಿದ್ರೆ ಆಗಲ್ವಾ?
*ನಿವೃತ್ತ ಬ್ಯಾಂಕ್ ನೌಕರರು, ದಾವಣಗೆರೆ*

ಬೇಡಿ ಸಾರ್, ದಯವಿಟ್ಟು ಹಂಗೆ ಕಳಿಸಬೇಡಿ. ಮೇಲಿನ ಸ್ಲೇಕಿಂಗ್‌ನೇ ತಗೊಳ್ಳಿ, ಗೋದಲ್ಲಿ ಅದರ ಸಿಪಿ ಆಕಾಶ ಮುಟ್ಟುತ್ತೆ, ಆದ್ರೆ ಟ್ರೂಅಂಟ್ ಬದಲು ಅದಕ್ಕೆ ಯಾನ್ ಅನ್ನೋ ಫಾಸ್ಟ್ ಮೂವ್ ಕೊಟ್ಟಿದಾರೆ, ಅದರ ಡ್ಯಾಮೇಜ್ ಸೊನ್ನೆ. ರೇಡ್‌ಗೆ (ಹಲವರು ಸೇರಿ ಒಂದು ದೊಡ್ಡ ಪೋಕೆಮಾನ್ ಸೋಲಿಸೋ ಫೈಟ್) ಹೋಗುವಾಗ ಸಿಪಿಗಿಂತ ಟೈಪ್ ಮತ್ತು ಮೂವ್ ಮುಖ್ಯ. ಇನ್ನು ಗ್ರೇಟ್ ಲೀಗ್‌ನಲ್ಲಿ 1500 ಸಿಪಿ ಮೀರಿದ್ದು ಒಳಗೇ ಬಿಡಲ್ಲ, ಅಲ್ಲಿ ಅಜುಮಾರಿಲ್ ಥರದ ಸಣ್ಣ ಸಿಪಿಯ ಗಟ್ಟಿ ಪೋಕೆಮಾನ್‌ಗೇ ಬೇಡಿಕೆ. ನೀವು ಸಣ್ಣದು ಅಂತ ಕಳಿಸಿದ್ರಲ್ಲಿ ಅಂಥದ್ದು ಎಷ್ಟಿದ್ವೋ.

ನನಗೆ ಈ ಆಟ ಗೊತ್ತಿಲ್ಲ. ನನ್ನ ಮಗನಿಗೆ ಹತ್ತು ವರ್ಷ, ಫೈರ್‌ರೆಡ್ ಅಂತೆ. ಅವನ ಚಾರಿಜಾರ್ಡ್ 60ನೇ ಲೆವೆಲ್, ಉಳಿದ ಐದೂ 20ರ ಹತ್ರ. ಎಲೈಟ್ ಫೋರ್‌ನಲ್ಲಿ ಸೋತು ಸೋತು ಅಳ್ತಾನೆ. ಐದನ್ನೂ ಬೆಳೆಸೋಕೆ ಹೋದ್ರೆ ರಜೆ ಮುಗಿದುಹೋಗುತ್ತೆ ಅಂತಾನೆ. ಏನು ಹೇಳಲಿ?
*ತಾಯಿಯೊಬ್ಬರು, ಚಳ್ಳಕೆರೆ*

ಅಕ್ಕಾ, ಮಗನ ಆಟ ಅರ್ಥ ಮಾಡ್ಕೊಂಡು ಪತ್ರ ಬರೆದ್ರಲ್ಲ, ಅದಕ್ಕೆ ಮೊದಲು ನಮಸ್ಕಾರ. ಅವನು ಆಡಿದ ರೀತಿ ತಪ್ಪಲ್ಲ, ಇದನ್ನ ಅವನಿಗೆ ಮೊದಲು ಹೇಳಿ. ಎಕ್ಸ್‌ಪೀರಿಯೆನ್ಸ್ ಎಲ್ಲಾ ಒಂದಕ್ಕೇ ಸುರಿದ್ರೆ ಅದು ಬೇಗ ದೊಡ್ಡದಾಗಿ ಎಂಟು ಜಿಮ್‌ನೂ ಒಂದೇ ದಾಟಿಸಿಬಿಡುತ್ತೆ, ಬಹಳ ಮಕ್ಕಳು ಹಿಂಗೇ ಆಡಿ ಗೆದ್ದಿದಾರೆ. ತೊಂದರೆ ಎಲ್ಲಿ ಅಂದ್ರೆ ಎಲೈಟ್ ಫೋರ್‌ನಲ್ಲಿ ಐದು ಫೈಟ್ ಒಂದರ ಹಿಂದೆ ಒಂದು, ನಡುವೆ ಪೋಕೆಮಾನ್ ಸೆಂಟರ್ ಇಲ್ಲ. ಚಾರಿಜಾರ್ಡ್‌ಗೆ ನೀರು ಮತ್ತು ಕರೆಂಟ್ ಎರಡು ಪಟ್ಟು ತಾಗುತ್ತೆ, ಕಲ್ಲಿನ ಮೂವ್ 4 ಪಟ್ಟು. ಮೊದಲನೇ ಲೊರೆಲೈ ಹತ್ರ ಇರೋ ಐದರಲ್ಲಿ ನಾಲ್ಕು ನೀರಿನವು. ಕೊನೇಲಿ ಚಾಂಪಿಯನ್ ಹತ್ರ ಬ್ಲಾಸ್ಟಾಯ್ಸ್ ಇರುತ್ತೆ, ನಿಮ್ಮ ಮಗ ಬೆಂಕಿ ಆರಿಸ್ಕೊಂಡಿದ್ದಕ್ಕೆ ಅವನು ನೀರು ಆರಿಸ್ಕೊಂಡಿರ್ತಾನೆ.

ಐದನ್ನೂ ಬೆಳೆಸೋದು ಬೇಡ, ಅವನು ಹೇಳಿದ್ದು ಸರಿ. ಚಾರಿಜಾರ್ಡ್ ಸೋಲೋ ಜಾಗಕ್ಕೆ ಮಾತ್ರ ಎರಡು ಬೇಕು, ಒಂದು ಎಲೆಕ್ಟ್ರಿಕ್, ಒಂದು ಲ್ಯಾಪ್ರಸ್. ರೂಟ್ 15ರಲ್ಲಿ 50 ಥರದ ಪೋಕೆಮಾನ್ ಹಿಡಿದೋರಿಗೆ ಎಕ್ಸ್‌ಪಿ ಶೇರ್ ಅಂತ ಒಂದು ಸಾಮಾನು ಕೊಡ್ತಾರೆ, ಅದನ್ನ ಲ್ಯಾಪ್ರಸ್‌ಗೆ ಹಿಡಿಸಿ ಚಾರಿಜಾರ್ಡ್ ಕೈಲಿ ವಿಕ್ಟರಿ ರೋಡ್‌ನಲ್ಲಿ ಹೊಡೆಸ್ತಾ ಹೋದ್ರೆ ಅರ್ಧ ಎಕ್ಸ್‌ಪೀರಿಯೆನ್ಸ್ ಫೈಟ್ ಮಾಡದೇ ಅದಕ್ಕೆ ಬರುತ್ತೆ. ಆ ಎರಡನ್ನ 40 ದಾಟಿಸಲಿ. ಉಳಿದ ಮೂರು ಜಾಗದಲ್ಲಿರೋವು ಏಟು ತಿಂದು ಬೀಳೋವಾಗ ಚಾರಿಜಾರ್ಡ್‌ಗೆ ಔಷಧ ಹಾಕೋಕೆ ಒಂದು ಟರ್ನ್ ಸಿಗುತ್ತಲ್ಲ, ಅದೇ ಅವುಗಳ ಉಪಯೋಗ. ಒಳಗೆ ಹೋಗೋ ಮುಂಚೆ ಅಲ್ಲೇ ಅಂಗಡೀಲಿ ಫುಲ್ ರಿಸ್ಟೋರ್, ರಿವೈವ್ ಕೈತುಂಬಾ ತಗೊಳ್ಳಲಿ, ಕೊನೇ ಫೈಟ್‌ಗೆ ಹೋಗೋ ಹೊತ್ತಿಗೆ ದುಡ್ಡು ಉಳಿಸಿ ಏನು ಮಾಡ್ತಾನೆ.

ಎಮರಾಲ್ಡ್‌ನಲ್ಲಿ ನಾನು ಬಹಳ ದಿನದಿಂದ ಲೈನೂನ್ ಇಟ್ಕೊಂಡಿದೀನಿ, ಯಾವತ್ತೂ ಫೈಟ್‌ಗೆ ಬಿಟ್ಟಿಲ್ಲ. ಫೈಟ್ ಮಾಡದೇ ಇರೋದು ಟೀಮಲ್ಲಿ ಯಾಕೆ ಅಂತ ನಮ್ಮ ಅಣ್ಣ ರೇಗಿಸ್ತಾನೆ.
*ಪಿಯು ವಿದ್ಯಾರ್ಥಿನಿ, ಹೊಳಲ್ಕೆರೆ*

ನಿಮ್ಮ ಅಣ್ಣನಿಗೆ ಕೇಳಮ್ಮಾ, ಅವನ ಟೀಮಲ್ಲಿ ಕಟ್, ಸ್ಟ್ರೆಂಥ್, ರಾಕ್ ಸ್ಮ್ಯಾಶ್ ಯಾರ ತಲೆ ಮೇಲೆ ಕೂತಿವೆ ಅಂತ. ಎಮರಾಲ್ಡ್ ನಡೆಯೋ ಹೋಎನ್‌ನಲ್ಲಿ ಎಂಟು ಎಚ್‌ಎಂ (ದಾರಿ ಬಿಡಿಸೋಕೂ ಬೇಕಾಗೋ ಮೂವ್) ಅವೆ, ಅವುಗಳಲ್ಲಿ ಕೆಲವು ಇಲ್ಲದೇ ದಾರಿ ಬಿಡಲ್ಲ. ಕಲಿಸಿದ್ರೆ ಸಲೀಸಾಗಿ ಮರೆಸೋಕಾಗಲ್ಲ, ಮೂವ್ ಡಿಲೀಟರ್ ಹುಡ್ಕೊಂಡು ಹೋಗ್ಬೇಕು. ಒಂದು ಪೋಕೆಮಾನ್‌ಗೆ ಇರೋದೇ ನಾಲ್ಕು ಮೂವ್. ಫೈಟ್ ಮಾಡೋವನ ನಾಲ್ಕರಲ್ಲಿ ಒಂದು ಕಟ್ ಆಯ್ತು ಅಂದ್ರೆ ಅವನ ಕಾಲು ಭಾಗ ಶಕ್ತಿ ಹೋಯ್ತು. ಕಟ್, ಸರ್ಫ್, ಸ್ಟ್ರೆಂಥ್, ರಾಕ್ ಸ್ಮ್ಯಾಶ್ ನಾಲ್ಕನ್ನೂ ನಿನ್ನ ಲೈನೂನ್ ಒಬ್ಬನೇ ಹೊರ್ತಾನೆ, ಉಳಿದ ಐವರೂ ಪೂರ್ತಿ ಮೂವ್ ಇಟ್ಕೊಂಡು ಫೈಟ್ ಮಾಡ್ತಾರೆ. ಆ ಐವರು ಗೆದ್ದ ಪ್ರತೀ ಫೈಟಲ್ಲೂ ಲೈನೂನ್ ಪಾಲು ಐತೆ.

ಅದರ ಮೇಲೆ ಪಿಕಪ್ ಅನ್ನೋ ಗುಣ. ಕೈಯಲ್ಲಿ ಸಾಮಾನು ಇಲ್ದೇ ಟೀಮಲ್ಲಿ ಸುಮ್ನೆ ಇದ್ರೂ ಸಾಕು, ಫೈಟ್ ಮುಗಿದ ಮೇಲೆ ನೂರಕ್ಕೆ ಹತ್ತು ಸಲ ಏನಾದ್ರೂ ಎತ್ಕೊಂಡು ಬರುತ್ತೆ. ಎಮರಾಲ್ಡ್‌ನಲ್ಲಿ ಅದರ ಲೆವೆಲ್ ಏರಿದಂಗೆ ತರೋ ಸಾಮಾನೂ ಬದಲಾಗುತ್ತೆ, ರೇರ್ ಕ್ಯಾಂಡಿ ಕೂಡ ಸಿಗುತ್ತೆ. ಅದಕ್ಕೇ ಅದನ್ನ ಪೂರ್ತಿ ಕೆಳಗೆ ಬಿಡ್ಬೇಡ, ಸ್ವಲ್ಪ ಲೆವೆಲ್ ಕೊಡ್ತಾ ಇರು. ಆಗಾಗ ಕೈಯಲ್ಲಿ ಏನೈತೆ ಅಂತ ನೋಡಿ ತೆಗೀತಿರು, ತೆಗೀದೇ ಇದ್ರೆ ಹೊಸದು ಎತ್ತಲ್ಲ. ಎಲೈಟ್ ಫೋರ್‌ಗೆ ಹೋಗುವಾಗ ಮಾತ್ರ ಬಾಕ್ಸ್‌ನಲ್ಲಿಟ್ಟು ಆ ಜಾಗಕ್ಕೆ ಫೈಟ್ ಮಾಡೋರನ್ನ ಹಾಕು, ಅಲ್ಲಿ ಕಡಿಯೋಕೆ ಮರ ಇಲ್ಲ.

ನಂಗೆ ಪಿಕಾಚು ಅಂದ್ರೆ ಪ್ರಾಣ. ಆದ್ರೆ ನೆಟ್‌ನಲ್ಲಿ ನೋಡಿದ ಎಲ್ಲಾ ಪಟ್ಟಿಯಲ್ಲೂ ಕೆಳಗೆ ಹಾಕಿದಾರೆ. ಫೈರ್‌ರೆಡ್‌ನಲ್ಲಿ ಕೊನೇತನಕ ಕರ್ಕೊಂಡು ಹೋಗಬಹುದಾ?
*ಎಂಟನೇ ಕ್ಲಾಸ್ ಹುಡುಗಿ, ಹೊಸದುರ್ಗ*

ಹೋಗಬಹುದು ಪುಟ್ಟಾ. ನೀನು ನೋಡಿದ ಪಟ್ಟಿ ಯಾರಿಗೆ ಅಂತ ಮಾಡಿದ್ದು ಅಂತ ಮೊದಲು ನೋಡು. ಓಯು, ಯುಯು ಅಂತ ಗುಂಪು ಮಾಡಿರೋವು ಜನ ಜನರ ಜೊತೆ ಆಡೋ ಪಂದ್ಯಕ್ಕೆ, ಎಷ್ಟು ಜನ ಯಾವ ಪೋಕೆಮಾನ್ ತರ್ತಾರೆ ಅನ್ನೋ ಲೆಕ್ಕದ ಮೇಲೆ ಮಾಡಿದ್ದು. ನೀನು ಸೋಲಿಸ್ಬೇಕಾಗಿರೋದು ಮಿಸ್ಟಿನ, ಲೊರೆಲೈನ, ಮನುಷ್ಯರನ್ನಲ್ಲ. ಆ ಪಟ್ಟಿ ನಿನ್ನ ಆಟಕ್ಕೆ ಸಂಬಂಧನೇ ಇಲ್ಲ.

ಆದ್ರೂ ಇರೋದನ್ನ ಇದ್ದಂಗೆ ಹೇಳ್ತೀನಿ, ಪಿಕಾಚು ಮೈ ಬಹಳ ತೆಳು, ಹೊಡೆಯೋ ಶಕ್ತಿನೂ ಕಮ್ಮಿ. ವಿರಿಡಿಯನ್ ಕಾಡಲ್ಲಿ ನೂರಕ್ಕೆ ಐದು ಸಲ ಮಾತ್ರ ಎದುರು ಬರುತ್ತೆ, ತಾಳ್ಮೆ ಬೇಕು. ಮೊದಲ ಜಿಮ್‌ನ ಬ್ರಾಕ್ ಹತ್ರ ಕರೆಂಟ್ ತಾಗಲ್ಲ, ಅಲ್ಲಿ ನಿನ್ನ ಸ್ಟಾರ್ಟರ್ ಬಿಡು, ಚಾರ್ಮ್ಯಾಂಡರ್ ಆಗಿದ್ರೆ 13ಕ್ಕೆ ಮೆಟಲ್ ಕ್ಲಾ ಬರೋತನಕ ಕಾಯಿ. ಸರ್ಜ್, ಎರಿಕಾ, ಜಿಯೋವಾನಿ ಮೂರು ಕಡೆ ಪಿಕಾಚುನ ಹೊರಗೆ ತೆಗೀಬೇಡ. ಅದರ ಕೆಲಸ ಇರೋದು ಎಲ್ಲಿ ಅಂದ್ರೆ ಮಿಸ್ಟಿಯ ಸ್ಟಾರ್ಮಿ, ದಾರೀಲಿ ಸಿಗೋ ಹಕ್ಕಿ ಮೀನು ಇಟ್ಕೊಂಡಿರೋ ನೂರಾರು ಟ್ರೇನರ್, ಲೊರೆಲೈಯ ನಾಲ್ಕು ನೀರಿನವು, ಲಾನ್ಸ್‌ನ ಗ್ಯಾರಡೋಸ್‌ಗೆ 4 ಪಟ್ಟು, ಏರೋಡ್ಯಾಕ್ಟಿಲ್‌ಗೆ 2 ಪಟ್ಟು. ಇಷ್ಟು ಕಡೆ ಕೆಲಸ ಇರೋದನ್ನ ಕೆಳಗಿನದ್ದು ಅಂತ ನಾನು ಕರೆಯಲ್ಲ. ಜೊತೆಗೆ ಇನ್ನೊಂದು ಮಾತು, ಇಷ್ಟಪಟ್ಟು ಇಟ್ಕೊಂಡಿರೋದನ್ನ ನಾವು ಎಚ್ಚರದಿಂದ ಆಡಿಸ್ತೀವಿ, ಯಾವಾಗ ಬಿಡ್ಬೇಕು ಯಾವಾಗ ಕರೀಬೇಕು ಅಂತ ನೆನಪಿಟ್ಕೋತೀವಿ, ಅದೂ ಗೆಲುವಿಗೆ ಸೇರುತ್ತೆ.

ಪಿಕಾಚು ಆಗೇ ಇರಲಿ ಅಂತ ಆಸೆ ಇದ್ರೆ ಇಟ್ಕೋ, ರೈಚು ಮಾಡಿದ್ರೆ ಸ್ಪೆಷಲ್ ಅಟ್ಯಾಕ್ 50 ಇರೋದು 90ಕ್ಕೆ ಏರುತ್ತೆ, ಎಲೈಟ್ ಫೋರ್‌ಗೆ ಅದು ದೊಡ್ಡ ಸಹಾಯ. ಮಾಡೋದಿದ್ರೆ ಆತುರ ಬೇಡ, 26ನೇ ಲೆವೆಲ್‌ಗೆ ಪಿಕಾಚು ಥಂಡರ್‌ಬೋಲ್ಟ್ ಕಲಿಯುತ್ತೆ, ರೈಚು ಆದಮೇಲೆ ಲೆವೆಲ್ ಏರಿದ್ರೂ ಅದನ್ನ ತಾನಾಗೇ ಕಲಿಯಲ್ಲ. ಥಂಡರ್‌ಬೋಲ್ಟ್ ಬಂದ ಮೇಲೆ ಥಂಡರ್ ಸ್ಟೋನ್ ಕೊಡು, ಸೆಲಡಾನ್ ಡಿಪಾರ್ಟ್‌ಮೆಂಟ್ ಸ್ಟೋರ್‌ನಲ್ಲಿ 2100ಕ್ಕೆ ಸಿಗುತ್ತೆ.